ಕಿವಿಯಿಂದ ಓದುವವರೂ ಓದುಗರೇ

ಹೋದ ವರ್ಷ ಚಿತ್ರದುರ್ಗದಲ್ಲೊಂದು ಪುಸ್ತಕ ಬಿಡುಗಡೆ. ಊಟಕ್ಕೆ ಮೊದಲು ಮಾತಾಡಿದವರು ನಾನು ಗೌರವಿಸುವ ಹಿರಿಯರು. ಓದು ಕಡಿಮೆಯಾಗುತ್ತಿದೆ ಎಂಬ ಎಲ್ಲರ ದುಃಖವನ್ನು ಅವರೂ ತೋಡಿಕೊಂಡರು. ಕೊನೆಗೆ, "ಈಗಿನವರು ಕಿವಿಗೆ ವೈರು ಸಿಕ್ಕಿಸಿಕೊಂಡು ಕೊಲೆ ಕತೆ ಕೇಳ್ತಾರೆ, ಅದನ್ನೇ ಓದು ಅಂದ್ಕೊಂಡಿದ್ದಾರೆ" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ನನ್ನ ಅಂಗಿ ಜೇಬಿನಲ್ಲಿ ಇಯರ್‌ಫೋನ್ ಇತ್ತು. ಹೊಳಲ್ಕೆರೆಯಿಂದ ಬರುವ ಬಸ್ಸಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಕಾದಂಬರಿಯಲ್ಲಿ ಆಗತಾನೇ ಒಂದು ಹೆಣ ಸಿಕ್ಕಿತ್ತು.

ಆ ನಗುವಿಗೆ ನಾಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹಿರಿಯರ ಒಂದೇ ವಾಕ್ಯದಲ್ಲಿ ಎರಡು ತಿರಸ್ಕಾರಗಳಿದ್ದವು. ಒಂದು, ಕೇಳುವುದು ಓದಲ್ಲ. ಎರಡು, ಸಸ್ಪೆನ್ಸ್, ಥ್ರಿಲ್ಲರ್‌ಗಳು ಸಾಹಿತ್ಯವಲ್ಲ. ಎರಡೂ ತಪ್ಪು. ದುರ್ಗದ ನೆಲದಲ್ಲಿ ನಿಂತು ಹೇಳಿದರೆ ಇನ್ನೂ ದೊಡ್ಡ ತಪ್ಪು.

ಮೊದಲು ಕಿವಿಯ ಮಾತು. ಕನ್ನಡದಲ್ಲಿ 'ಓದು' ಎಂದರೆ ಬಾಯಿ ಮುಚ್ಚಿಕೊಂಡು ಪುಟದ ಮೇಲೆ ಕಣ್ಣಾಡಿಸುವುದು ಎಂಬ ಅರ್ಥ ಬಂದದ್ದು ತೀರಾ ಈಚೆಗೆ. ಅದಕ್ಕೂ ಮೊದಲು ಓದುವುದೆಂದರೆ ನಾಲ್ಕು ಜನಕ್ಕೆ ಕೇಳುವ ಹಾಗೆ ಓದುವುದು. ಕುಮಾರವ್ಯಾಸನ ಭಾರತ ನಮ್ಮ ಊರೂರಿಗೂ ತಲುಪಿದ್ದು ಗಮಕಿಗಳ ಗಂಟಲಿನಿಂದ. ಒಬ್ಬರು ವಾಚಿಸುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು, ಊರು ಕೇಳುತ್ತಿತ್ತು. ಆ ಊರಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು. ಉಳಿದವರಿಗೆ ಭಾರತ ಗೊತ್ತಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ? ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಸಾವಿರಾರು ಪದ ಅವರ ನಾಲಗೆಯ ಮೇಲಿದ್ದವು. ವಿಶ್ವವಿದ್ಯಾಲಯದವರು ಅವರ ಮುಂದೆ ಕೂತು ಬರೆದುಕೊಂಡರು. ಹಿರಿಯೂರು ಕಡೆಯ ಕಾಡುಗೊಲ್ಲರು ಗಣೆ ಹಿಡಿದು ಜುಂಜಪ್ಪನ ಕಾವ್ಯ ಹಾಡುವಾಗ ಎದುರಿಗೆ ಕೂತವರು ರಾತ್ರಿಯೆಲ್ಲ ಏಳುವುದಿಲ್ಲ. ಮುಂದೇನಾಯಿತು ಎಂದು ಗೊತ್ತಾಗದೆ ಏಳುವುದು ಹೇಗೆ? ಈ ಪರಂಪರೆಯನ್ನು ವೇದಿಕೆಯ ಮೇಲೆ ಹೊಗಳುವವರೇ, ವೇದಿಕೆ ಇಳಿದ ಮೇಲೆ, ಫೋನಿನಲ್ಲಿ ಕಾದಂಬರಿ ಕೇಳುವ ಹುಡುಗಿಯನ್ನು ಸೋಮಾರಿ ಎನ್ನುತ್ತಾರೆ. ಗಣೆ ಇದ್ದರೆ ಜಾನಪದ, ಇಯರ್‌ಫೋನ್ ಇದ್ದರೆ ಕಾಲಹರಣ. ಇದು ಯಾವ ನ್ಯಾಯ?

ಅವರ ಆಕ್ಷೇಪದಲ್ಲಿ ಹುರುಳೇ ಇಲ್ಲ ಎನ್ನಲಾರೆ. ಪುಟದಲ್ಲಿ ಹಿಂದಕ್ಕೆ ಹೋಗುವುದು ಸುಲಭ, ದನಿಯಲ್ಲಿ ಕಷ್ಟ. ಬಸ್ಸು ಗುಂಡಿಗೆ ಇಳಿದಾಗ, ಕಂಡಕ್ಟರ್ ಚಿಲ್ಲರೆ ಕೇಳಿದಾಗ ಎರಡು ವಾಕ್ಯ ಕಳೆದುಹೋಗುತ್ತವೆ. ನಿದ್ದೆ ಹತ್ತಿ ಎರಡು ಅಧ್ಯಾಯ ತಪ್ಪಿ, ಎದ್ದಾಗ ಸತ್ತವನು ಯಾರು, ಅಳುತ್ತಿರುವವಳು ಯಾಕೆ ಎಂದು ತಿಳಿಯದೆ ನಾನೂ ಒದ್ದಾಡಿದ್ದೇನೆ. ಕೃತಿಯೊಂದರ ಬಗ್ಗೆ ವಿಮರ್ಶೆ ಬರೆಯುವ ವಿದ್ಯಾರ್ಥಿ ಪುಟ ತೆರೆಯಲೇಬೇಕು. ಕಿವಿಯ ನೆನಪನ್ನೇ ನಂಬಿ ಬರೆದರೆ ಪೆಟ್ಟು ತಿನ್ನುತ್ತಾನೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ಗಮನ ತಪ್ಪುವುದು ಕಿವಿಯ ದೋಷವಲ್ಲ. ಕಣ್ಣು ಪುಟದ ಕೊನೆ ಮುಟ್ಟಿದ್ದರೂ ಮನಸ್ಸು ಮೊದಲ ಸಾಲಿನಲ್ಲೇ ನಿಂತಿರುವುದು ಯಾರಿಗೆ ಗೊತ್ತಿಲ್ಲ?

ಇನ್ನೊಂದು ವಿಷಯವಿದೆ. ಬೇರೆ ಪ್ರಕಾರಗಳ ಮಾತು ಹೇಗೋ ಇರಲಿ, ಸಸ್ಪೆನ್ಸ್ ಕಾದಂಬರಿಗೆ ಕಿವಿಯೇ ಹೆಚ್ಚು ಪ್ರಾಮಾಣಿಕ. ನಾನು ಹೈಸ್ಕೂಲಿನಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದೆ. ಮನೆಗೆ ಬರುವ ಮೊದಲೇ ಕೊನೆಯ ಪುಟ ಓದಿ ಮುಗಿಸಿರುತ್ತಿದ್ದೆ. ಒಮ್ಮೆ ಆ ಕಷ್ಟವೂ ಇರಲಿಲ್ಲ. ನನಗಿಂತ ಮುಂಚೆ ಓದಿದ ಪುಣ್ಯಾತ್ಮ ಮೊದಲ ಪುಟದಲ್ಲೇ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು 'ಇವನೇ' ಎಂದು ಬರೆದಿಟ್ಟಿದ್ದ. ಕೇಳುವಾಗ ಇಂಥ ಕಳ್ಳದಾರಿ ಹಿಡಿಯುವುದು ಕಷ್ಟ. ಲೇಖಕ ಯಾವಾಗ ಬಾಗಿಲು ತೆಗೆಯುತ್ತಾನೋ ಆಗಲೇ ಒಳಗೆ ಹೋಗಬೇಕು.

ಈಗ ಎರಡನೆಯ ತಿರಸ್ಕಾರ. ಥ್ರಿಲ್ಲರ್ ಸಾಹಿತ್ಯವಲ್ಲ ಎನ್ನುವವರು ಚಿತ್ರದುರ್ಗದಲ್ಲಿ ತ.ರಾ.ಸು. ಹೆಸರು ಹೇಳದೆ ಭಾಷಣ ಮುಗಿಸುವುದಿಲ್ಲ. ಹಾಗಾದರೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಏನು? ದಳವಾಯಿ ಮುದ್ದಣ್ಣನ ಒಳಸಂಚು, ಅರಮನೆಯ ಪಿಸುಮಾತು, ಯಾರು ಯಾರ ಬೆನ್ನಿಗೆ ಇರಿಯುತ್ತಾರೋ ಎಂಬ ಭಯ. ಚಾರಿತ್ರಿಕ ಕಾದಂಬರಿ ಎಂಬ ಹಣೆಪಟ್ಟಿ ತೆಗೆದು ನೋಡಿದರೆ ಒಳಗಿರುವುದು ಉಸಿರು ಬಿಗಿಹಿಡಿಸುವ ಸಸ್ಪೆನ್ಸ್. ಅವರಿಗೆ ಮರಣೋತ್ತರವಾಗಿ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ದುರ್ಗಾಸ್ತಮಾನ'ವನ್ನೇ ತೆಗೆದುಕೊಳ್ಳಿ. 1779ರಲ್ಲಿ ಹೈದರಾಲಿಗೆ ಕೋಟೆ ಬೀಳುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಸಸ್ಪೆನ್ಸ್ ಎಂದರೆ ಕೊಲೆಗಾರ ಯಾರು ಎಂಬ ಒಗಟು ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವರದೇ ಮೂರು ಕಾದಂಬರಿಗಳಿಂದ 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ 'ನಾಗರಹಾವು' ಚಿತ್ರದ ರಾಮಾಚಾರಿಯನ್ನು ನೋಡಿ. ಮುಂದಿನ ಗಳಿಗೆ ಏನು ಮಾಡುತ್ತಾನೋ ಎಂದು ನಾವು ಹೆದರುವುದು ಅವನ ಕೈಯಲ್ಲಿರುವ ಆಯುಧಕ್ಕಲ್ಲ, ಅವನ ಮನಸ್ಸಿಗೆ. ಸೈಕಲಾಜಿಕಲ್ ಥ್ರಿಲ್ಲರ್ ಎನ್ನುವುದು ಇದನ್ನೇ ಅಲ್ಲವೆ?

ದುರ್ಗದಾಚೆಗೂ ನೋಡೋಣ. ಬಸ್ ಕಂಡಕ್ಟರ್ ಆಗಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿ ಬರೆದರು. ಎಷ್ಟೋ ಮನೆಗಳಲ್ಲಿ ಮೊದಲ ಪುಸ್ತಕ ಅವರದು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಟಿ.ಕೆ. ರಾಮರಾವ್ ಎಂದರೆ 'ಬಂಗಾರದ ಮನುಷ್ಯ' ಎನ್ನುತ್ತೇವೆ. ಅವರ ಸಸ್ಪೆನ್ಸ್ ಕಾದಂಬರಿಗಳಿಗಾಗಿ ಕಾದು ಕೂತ ಓದುಗರನ್ನು ಮರೆಯುತ್ತೇವೆ. ತ್ರಿವೇಣಿಯವರು ಮನೋವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ದೊಡ್ಡ ಓದುಗವರ್ಗವನ್ನೇ ಕಟ್ಟಿದರು. ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿದವರು ಅದನ್ನು ಎಲ್ಲಿ ನಿಲ್ಲಿಸಿದ್ದರು ಹೇಳಲಿ. ನಿಲ್ಲಿಸಿರುವುದಿಲ್ಲ. ಕುತೂಹಲ ಕೆರಳಿಸುವುದು ಕೀಳು ಕೆಲಸ ಎಂಬ ನಂಬಿಕೆ, ಕುತೂಹಲ ಕೆರಳಿಸಲು ಬಾರದವರು ಹರಡಿದ್ದಿರಬೇಕು.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. ಅದು ಆ ಹಿರಿಯರ ಜೊತೆಗಲ್ಲ, ಆಡಿಯೋ ಪುಸ್ತಕ ತಯಾರಿಸುವವರ ಜೊತೆಗೆ.

1935ರಲ್ಲಿ ಬ್ರಿಟನ್ನಿನಲ್ಲಿ, ಮೊದಲನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಗ್ರಾಮಫೋನ್ ತಟ್ಟೆಗಳ ಮೇಲೆ 'ಮಾತಾಡುವ ಪುಸ್ತಕ'ಗಳನ್ನು ತಂದರು. ಮೊದಲು ಬಂದವುಗಳಲ್ಲಿ ಜೋಸೆಫ್ ಕಾನ್ರಾಡ್‌ನ 'ಟೈಫೂನ್' ಇತ್ತು, ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಇತ್ತು. ಕಣ್ಣು ಕಾಣದವರಿಗೆ ನೀತಿ ಬೋಧೆ ಸಾಕು ಎಂದು ಅವರು ತೀರ್ಮಾನಿಸಲಿಲ್ಲ. ಒಳ್ಳೆಯ ಕೊಲೆ ಕತೆ ಕೊಟ್ಟರು. ಆ ಕಾದಂಬರಿ ಓದದವರಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಇಷ್ಟು ಹೇಳಬಹುದು: ಕತೆ ಹೇಳುವ ದನಿಯನ್ನು ನಾವು ಎಷ್ಟು ನಂಬುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಮನಸ್ಸಿನ ಒಳಗಿನ ಥ್ರಿಲ್ಲರ್‌ಗಳಲ್ಲಿ ಬಹುಪಾಲು ಹೀಗೇ. 'ನಾನು' ಎಂದು ಮಾತಾಡುವವನು ಸುಳ್ಳು ಹೇಳುತ್ತಿರಬಹುದು, ತನಗೇ ತಾನು ಸುಳ್ಳು ಹೇಳಿಕೊಳ್ಳುತ್ತಿರಬಹುದು. ಪುಟದ ಮೇಲೆ ಅದು ಬರೀ ಅಕ್ಷರ. ಕಿವಿಯಲ್ಲಿ ಅದೊಂದು ಮನುಷ್ಯನ ದನಿ, ರಾತ್ರಿ ಹನ್ನೊಂದಕ್ಕೆ ದಿಂಬಿನ ಪಕ್ಕದಲ್ಲಿ ಮಾತಾಡುವ ದನಿ. ನಂಬದೆ ಇರಲು ಸಾಧ್ಯವೇ ಇಲ್ಲ. ಅದಕ್ಕೇ ಮೋಸಹೋದಾಗ ಬೆನ್ನುಹುರಿಯಲ್ಲಿ ಚಳಿ ಹುಟ್ಟುತ್ತದೆ.

ನಮ್ಮ ಎಷ್ಟೋ ಆಡಿಯೋ ಪುಸ್ತಕಗಳು ಈ ಬಂಡವಾಳವನ್ನೇ ಹಾಳುಮಾಡುತ್ತಿವೆ. ಖಳ ಬಾಯಿ ತೆರೆದ ಕೂಡಲೇ ಓದುವವರು ಗಂಟಲು ಗೊಗ್ಗರು ಮಾಡಿಕೊಳ್ಳುತ್ತಾರೆ. ಲೇಖಕ ಇನ್ನೂರು ಪುಟ ಮುಚ್ಚಿಟ್ಟದ್ದನ್ನು ಎರಡನೇ ಅಧ್ಯಾಯದಲ್ಲೇ ದನಿ ಒದರಿಬಿಡುತ್ತದೆ. ಮೊದಲ ಪುಟದ ಪೆನ್ಸಿಲ್ ಗೆರೆಗೂ ಇದಕ್ಕೂ ಏನು ವ್ಯತ್ಯಾಸ? ಮೌನ ಇರಬೇಕಾದಲ್ಲಿ ಢಂ ಎಂಬ ಹಿನ್ನೆಲೆ ಸಂಗೀತ. ಹೊಸದುರ್ಗದ ತೆಂಗಿನ ವ್ಯಾಪಾರಿಯೂ, ಹಿರಿಯೂರಿನ ಲಾರಿ ಡ್ರೈವರೂ, ಅಜ್ಜಿಯೂ, ಪೊಲೀಸೂ ಒಂದೇ ನಾಟಕದ ಕನ್ನಡ ಮಾತಾಡುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನೋಡಿ ಬೆಳೆದ ಕಿವಿ ಇದನ್ನು ಕ್ಷಮಿಸುವುದಿಲ್ಲ. ಕೇಳುಗರದೂ ತಪ್ಪಿದೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುವವರು ಪದಗಳನ್ನು ಉಳಿಸಿಕೊಂಡು ಭಯವನ್ನು ಕಳೆದುಕೊಳ್ಳುತ್ತಾರೆ. ಭಯ ಇರುವುದು ಎರಡು ವಾಕ್ಯಗಳ ನಡುವಿನ ಬಿಡುವಿನಲ್ಲಿ.

ಇನ್ನು ನೂರು, ಇನ್ನೂರು ಕಂತುಗಳ ಧಾರಾವಾಹಿಗಳು. ವಾರಪತ್ರಿಕೆಗಳ 'ಮುಂದುವರಿಯುವುದು' ನಮಗೆ ಹೊಸದಲ್ಲ. ಆದರೆ ಅಲ್ಲಿ ಒಂದು ದಿನ 'ಮುಗಿಯಿತು' ಎಂದು ಅಚ್ಚಾಗುತ್ತಿತ್ತು. ಇಲ್ಲಿ ಕತೆ ಮುಗಿದರೆ ಚಂದಾ ನಿಂತೀತು ಎಂಬ ಭಯಕ್ಕೆ ಸತ್ತವರನ್ನೆಲ್ಲ ಎಬ್ಬಿಸುತ್ತಾರೆ. ಕಾಯುವುದಕ್ಕೆ ನಾವು ಹಿಂಜರಿದವರಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಜನ ನಾವು. ಆದರೂ ಬಿತ್ತು. ಕೊನೆಯೇ ಇಲ್ಲದ್ದು ಸಸ್ಪೆನ್ಸ್ ಅಲ್ಲ, ತೀರದ ಸಾಲ.

ಇಷ್ಟಕ್ಕೆಲ್ಲ ಜಗಳ ಯಾಕೆ ಎಂದು ಕೇಳಬಹುದು. ಹೊಳಲ್ಕೆರೆಯಲ್ಲಿರುವ ನನ್ನ ದೊಡ್ಡಮ್ಮನ ಕಾರಣಕ್ಕೆ. ವಾರಪತ್ರಿಕೆ ಬಂದ ದಿನ ಒಲೆಯ ಮೇಲಿನ ಸಾರು ಸೀದರೂ ಧಾರಾವಾಹಿ ಬಿಡದ ಹೆಂಗಸು. ಈಗ ಕಣ್ಣು ಮಂಜು, ಸಂಜೆಯ ಮೇಲೆ ಅಕ್ಷರ ಕಾಣದು. ಹತ್ತು ವರ್ಷ ಅವರು ಏನನ್ನೂ ಓದಿರಲಿಲ್ಲ. ಅದನ್ನು ನಾವ್ಯಾರೂ ಗಮನಿಸಿಯೂ ಇರಲಿಲ್ಲ. ಮೊಮ್ಮಗಳು ಫೋನಿನಲ್ಲಿ ಒಂದು ಕಾದಂಬರಿ ಹಾಕಿಕೊಟ್ಟಳು. ಅಡಿಕೆ ಸುಲಿಯುವಾಗ ಅದು ಪಕ್ಕದಲ್ಲಿ ಮಾತಾಡುತ್ತದೆ. ಸುಲಿಯಲು ಬರುವ ಹೆಂಗಸರೂ ಕೇಳುತ್ತಾರೆ. ಕೊಲೆ ಮಾಡಿದವನು ಗಂಡನೋ ಮೈದುನನೋ ಎಂದು ಚರ್ಚೆ ನಡೆಯುತ್ತದೆ. ಅವರಲ್ಲಿ ಇಬ್ಬರು ಶಾಲೆಗೆ ಹೋದವರಲ್ಲ. ಇದು ಓದಲ್ಲ ಎಂದರೆ ಆ ಇಬ್ಬರಿಗೆ ಕಾದಂಬರಿಯ ಬಾಗಿಲು ಈ ಜನ್ಮಕ್ಕೆ ಮುಚ್ಚಿದ ಹಾಗೆ.

ಹಾಗಾಗಿ ಇದು ರುಚಿಯ ಪ್ರಶ್ನೆಯಷ್ಟೇ ಅಲ್ಲ. ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ, ಕಣ್ಣು ಕಾಣದವರೂ ಕಟ್ಟುತ್ತಾರೆ. ದೃಷ್ಟಿದೋಷವಿರುವವರಿಗೆ ಪುಸ್ತಕ ತಲುಪಲು ಹಕ್ಕುಸ್ವಾಮ್ಯ ಅಡ್ಡ ಬರಬಾರದು ಎನ್ನುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. ದಾರಿ ಇದೆ. ನಡೆಯುವವರು ಬೇಕು. ತಾಲ್ಲೂಕು ಗ್ರಂಥಾಲಯಗಳಲ್ಲಿ ಕಪಾಟಿನ ಪಕ್ಕ ಕೇಳುವುದಕ್ಕೂ ಒಂದು ಮೂಲೆ ಇರಲಿ ಎಂದು ನಾವು ಕೇಳಬೇಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಎಲ್ಲರವೂ ಹೌದು. ರಾಮಮೂರ್ತಿಯವರ ಸರದಿ 2028ಕ್ಕೆ. ತ.ರಾ.ಸು. ಅವರದಕ್ಕೆ 2044 ಮುಗಿಯಬೇಕು. ತ್ರಿವೇಣಿಯವರನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಲು ಯಾರ ಅಪ್ಪಣೆಯೂ ಬೇಡ. ಒಂದು ಫೋನು, ಫ್ಯಾನ್ ಆರಿಸಿದ ಒಂದು ಕೋಣೆ, ಉಸಿರು ಸರಿಯಾಗಿ ನಿಲ್ಲಿಸಬಲ್ಲ ಒಂದು ಗಂಟಲು ಸಾಕು. ಸಂಗೀತ ಬೇಡ. ಯಾರನ್ನೂ ಖಳನನ್ನಾಗಿ ಮಾಡಬೇಡಿ, ಆ ಕೆಲಸ ಕಾದಂಬರಿಗೆ ಬಿಡಿ. ನಮ್ಮ ಕಡೆಯವರ ಮಾತು ಬಂದರೆ ನಮ್ಮ ಕಡೆಯ ಹಾಗೇ ಓದಿ.

ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರು ಕೇಳುತ್ತಿದ್ದ ಕಾದಂಬರಿ ನಾನು ಪುಟದಲ್ಲಿ ಓದಿ ಮುಗಿಸಿದ್ದು. ಜಾಣತನ ತೋರಿಸಲು ಹೋಗಿ, "ಕೊಲೆ ಮಾಡಿದ್ದು ಯಾರು ಗೊತ್ತಾ ದೊಡ್ಡಮ್ಮಾ?" ಎಂದೆ. ಅಡಿಕೆಯಿಂದ ತಲೆ ಎತ್ತದೆ, "ಬಾಯಿ ಮುಚ್ಚಪ್ಪ. ನಾನಿನ್ನೂ ಓದ್ತಾ ಇದೀನಿ" ಎಂದರು.