ನೋಡಿದ್ದಕ್ಕೂ ಕೂಲಿ ಕೊಡೋಣ

ನಂಬಿಕಸ್ಥ ಮೆಕ್ಯಾನಿಕ್ ಸಿಗುವುದೇ ಇಲ್ಲ ಎಂಬ ದೂರು ಗಾಡಿ ಇರುವ ಎಲ್ಲರ ಬಾಯಲ್ಲೂ ಇದೆ. ಸಿಕ್ಕವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಓದುಗರಲ್ಲಿ ನನ್ನ ಮನವಿ ಇರುವುದು ಇದರ ಬಗ್ಗೆಯೇ.

ನಮ್ಮ ಬಡಾವಣೆಯ ಗ್ಯಾರೇಜಿಗೆ ಈಚೆಗೆ ಹೆಂಗಸೊಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಸದ್ದು ಬಿಟ್ಟು ಬೇರೇನೂ ಇಲ್ಲ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಎಂದು ಬೇರೆ ಕಡೆ ಹೇಳಿದ್ದರಂತೆ. ಇಲ್ಲಿನ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ ಮೀಟರ್ ಹಿಡಿದು ನೋಡಿದರು. ಬ್ಯಾಟರಿ ಚೆನ್ನಾಗಿಯೇ ಇತ್ತು. ಟರ್ಮಿನಲ್ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ವೈರ್ ಬಿಡಿಸಿ, ಬಿಸಿನೀರು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಒರೆಸಿ, ಸ್ಕ್ರೂ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೇಳಿದ್ದು ನೂರು ರೂಪಾಯಿ.

"ಏನಣ್ಣ, ಬರೀ ಉಜ್ಜಿದ್ದಕ್ಕೆ ನೂರಾ?"

ಅವರು ಮರುಮಾತಿಲ್ಲದೆ ಐವತ್ತು ತೆಗೆದುಕೊಂಡರು. ಹೊಸ ಬ್ಯಾಟರಿಯಾಗಿದ್ದರೆ ಸಾವಿರದ ಮೇಲೆ ಎಷ್ಟಾದರೂ ಕೊಟ್ಟು ಹೋಗುತ್ತಿದ್ದರು. ಆ ತಾಯಿಯನ್ನು ನಾನು ದೂರುವುದಿಲ್ಲ, ನಮ್ಮಲ್ಲಿ ಬಹುತೇಕರ ರೂಢಿಯೇ ಅದು. ಸಾಮಾನಿಗೆ ದುಡ್ಡು ಕೊಡುತ್ತೇವೆ, ಕೈಕೆಲಸಕ್ಕೆ ಚೌಕಾಸಿ ಮಾಡುತ್ತೇವೆ. ಹೀಗಾದರೆ ಗ್ಯಾರೇಜಿನ ಬಾಡಿಗೆ, ಹುಡುಗರ ಸಂಬಳ ಎಲ್ಲವೂ ಸ್ಪೇರ್ ಪಾರ್ಟ್ಸಿನ ಲಾಭದಿಂದಲೇ ಹೊರಡಬೇಕು. ಆಗ ಉಜ್ಜಿದರೆ ಸಾಕಾಗುವ ಕಡೆಯೂ ಬದಲಾಯಿಸುವ ಮನಸ್ಸಾಗುತ್ತದೆ. ದಯವಿಟ್ಟು ಲೇಬರ್ ಚಾರ್ಜನ್ನು ಮೊದಲೇ ಕೇಳಿಕೊಂಡು ಪೂರ್ತಿ ಕೊಡಿ. "ಏನೂ ತೊಂದರೆಯಿಲ್ಲ, ಓಡಿಸಿ" ಎಂದು ನೋಡಿ ಕಳಿಸಿದವರಿಗೂ ಕೊಡಿ.

ಹಾಗೆಂದು ಕಣ್ಣುಮುಚ್ಚಿ ನಂಬಬೇಕಿಲ್ಲ. ಬದಲಾಯಿಸಿದ ಬ್ರೇಕ್ ಶೂ, ಕ್ಲಚ್ ಪ್ಲೇಟ್ ಏನಿದ್ದರೂ ಹಳೆಯದನ್ನು ತೋರಿಸಲು ಹೇಳಿ. ಪ್ರಾಮಾಣಿಕರು ಇದಕ್ಕೆ ಬೇಸರಪಡುವುದಿಲ್ಲ, ಎಷ್ಟೋ ಜನ ತಾವೇ ತೋರಿಸುತ್ತಾರೆ. ಬಿಲ್ ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ದೊಡ್ಡ ಷೋರೂಮ್ ಎಂದರೆ ಸಾಚಾ, ರಸ್ತೆ ಬದಿಯ ಗ್ಯಾರೇಜ್ ಎಂದರೆ ಅನುಮಾನ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒರಿಜಿನಲ್ ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಸಣ್ಣ ಗ್ಯಾರೇಜಿನವರ ಕಷ್ಟ ಇಂಥದ್ದು. "ಜೆ.ಸಿ. ರಸ್ತೆಯಲ್ಲಿ ಹುಡುಕಿ ಒರಿಜಿನಲ್ ತರ್ತೀನಿ, ಎರಡು ದಿನ ಕೊಡಿ ಸಾರ್" ಎಂದರೆ ಕೊಡಿ. "ಯಾವುದೋ ಒಂದು ಹಾಕಿಬಿಡಿ, ಸಂಜೆಗೆ ಗಾಡಿ ಬೇಕು" ಎಂದು ಡೂಪ್ಲಿಕೇಟನ್ನು ನಾವೇ ಕರೆಯುವುದು ಬೇಡ, ಅದರಲ್ಲೂ ಬ್ರೇಕಿನ ವಿಷಯದಲ್ಲಿ.

ಇನ್ನೊಂದು ಮಾತು. ಮೋಸ ಮಾಡಿದವರ ಸುದ್ದಿಯನ್ನು ಊರಿಗೆಲ್ಲ ಸಾರುತ್ತೇವೆ, ಒಳ್ಳೆಯವರ ಹೆಸರು ನಮ್ಮ ಫೋನಿನಲ್ಲೇ ಉಳಿಯುತ್ತದೆ. ಊರಿಗೆ ಹೊಸಬರು, ಹಾಸ್ಟೆಲ್ ಹುಡುಗಿಯರು, ಒಂಟಿಯಾಗಿರುವ ಹಿರಿಯರು ಯಾರ ಬಳಿ ಹೋಗಬೇಕೆಂದು ತಿಳಿಯದೆ ಪೇಚಾಡುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ನಿಮ್ಮ ಮೆಕ್ಯಾನಿಕ್‌ನ ಹೆಸರು ಹೇಳಿ, ಮೊದಲ ಸಲ ಜೊತೆಗೆ ಹೋಗಿ ಪರಿಚಯ ಮಾಡಿಸಿ ಬನ್ನಿ.