‘ಸರ್ವರ್ ಇಲ್ರೀ, ನಾಳೆ ಬರ್ರಿ’

ನಮ್ಮೂರು ಮೋಟೆಬೆನ್ನೂರಿನಲ್ಲಿ ಚಿಕ್ಕವರಿಂದ ಮುದುಕರವರೆಗೆ ಎಲ್ಲರಿಗೂ ಗೊತ್ತಿರುವ ಒಂದು ಇಂಗ್ಲಿಷ್ ಪದವಿದ್ದರೆ ಅದು ‘ಸರ್ವರ್’. ರೇಷನ್ ತರಲು ಹೋದರೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮಷಿನ್ ಕಡೆ ನೋಡಿ, ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಅನ್ನುತ್ತಾರೆ. ಬ್ಯಾಂಕಿಗೆ ಹೋದರೂ ಅದೇ, ಪಹಣಿ ತೆಗೆಸಲು ಹೋದರೂ ಅದೇ ಮಾತು. ನಮ್ಮ ಅವ್ವನ ಲೆಕ್ಕದಲ್ಲಿ ಸರ್ವರ್ ಅಂದರೆ ಕರೆಂಟಿನ ಹಾಗೆ ಬಂದು ಹೋಗುವ ಒಂದು ವಸ್ತು. ಎರಡೂವರೆ ವರ್ಷದಿಂದ ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುತ್ತಿರುವ ನಾನೂ ಇದನ್ನು ಕೇಳಿಸಿಕೊಂಡು ಸುಮ್ಮನೆ ಚೀಲ ಮಡಚಿಕೊಂಡು ಬರುತ್ತಿದ್ದೆ. ಹೋದ ಮಳೆಗಾಲದವರೆಗೆ.

ಆಗ ರಸ್ತೆ ಬದಿ ಚರಂಡಿ ತೆಗೆಯುತ್ತಿದ್ದ ಜೆಸಿಬಿಯ ಹಲ್ಲಿಗೆ ಒಂದು ಕಪ್ಪು ಕೇಬಲ್ ಸಿಕ್ಕಿ ತುಂಡಾಯಿತು. ಎರಡು ದಿನ ಊರಿಗೆ ಇಂಟರ್‌ನೆಟ್ ಇರಲಿಲ್ಲ. ನಮ್ಮ ಓಣಿಯ ಅಕ್ಕ ಒಬ್ಬರು ಬಿ.ಇಡಿ ಮುಗಿಸಿ ಮನೆಯಲ್ಲೇ ಕೂತು ಓದುತ್ತಿದ್ದರು. ಅವರ ನೇಮಕಾತಿ ಅರ್ಜಿಗೆ ಮರುದಿನವೇ ಕೊನೆಯ ದಿನ. ‘ಕೊನೆಯ ದಿನದವರೆಗೆ ಯಾಕೆ ಕಾಯಬೇಕಿತ್ತು?’ ಅಂತ ನೀವು ಕೇಳಬಹುದು. ಅವರ ಜಾತಿ ಪ್ರಮಾಣಪತ್ರ ಕೈಗೆ ಬಂದದ್ದೇ ಕೇಬಲ್ ತುಂಡಾದ ದಿನ ಬೆಳಿಗ್ಗೆ. ‘ಇನ್ನೊಂದು ತಾಸಿನಾಗ ಬರತೈತಿ’ ಅಂತ ಯಾರೋ ಹೇಳಿದರು. ಮರುದಿನ ಮಧ್ಯಾಹ್ನದವರೆಗೂ ಹಾಗೇ ಹೇಳುತ್ತಿದ್ದರು. ಸಂಜೆ ನಾಲ್ಕಕ್ಕೆ ಅಕ್ಕ ಬಸ್ ಹಿಡಿದು ರಾಣೆಬೆನ್ನೂರಿಗೆ ಹೋದರು. ಅರ್ಜಿ ಭರ್ತಿಯಾಯಿತು, ಖಾತೆಯಿಂದ ಶುಲ್ಕವೂ ಕಡಿತವಾಯಿತು, ‘ಪಾವತಿ ಬಾಕಿ’ ಎಂಬ ಸಾಲು ಮಾತ್ರ ಪರದೆಯಿಂದ ಹೋಗಲಿಲ್ಲ. ಕೊನೆಯ ಬಸ್ಸಿಗೆ ವಾಪಸ್ ಬಂದರು. ದುಡ್ಡು ವಾರದ ನಂತರ ಖಾತೆಗೆ ಮರಳಿತು. ಮುಂದಿನ ಅಧಿಸೂಚನೆ ಬರುವಷ್ಟರಲ್ಲಿ ಅವರ ವಯೋಮಿತಿ ಉಳಿದಿರುತ್ತದೋ ಇಲ್ಲವೋ.

‘ಮೊಬೈಲ್ ಇತ್ತಲ್ಲ?’ ಅನ್ನಬಹುದು. ಊರ ಟವರ್ ಹಾಗೇ ನಿಂತಿತ್ತು, ಹಲವರ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೂ ಕಾಣುತ್ತಿದ್ದವು. ಆದರೆ ನಮ್ಮ ಫೋನಿನಿಂದ ಟವರ್‌ವರೆಗೆ ಮಾತ್ರ ಗಾಳಿಯ ದಾರಿ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಅದೇ ನೆಲದೊಳಗಿನ ಫೈಬರ್. ಟವರ್‌ಗಳು ಎಷ್ಟಿದ್ದರೇನು, ಅವೆಲ್ಲ ಒಂದೇ ಕೇಬಲ್ಲಿಗೆ ಜೋತುಬಿದ್ದಿದ್ದರೆ ಒಟ್ಟಿಗೇ ಹೋಗುತ್ತವೆ.

ಮೂರನೆಯ ದಿನ ಬೆಳಿಗ್ಗೆ ಕೇಬಲ್ ಜೋಡಿಸಲು ದಾವಣಗೆರೆ ಕಡೆಯಿಂದ ಒಬ್ಬರು ಬಂದರು. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಅವರ ಪಕ್ಕದಲ್ಲೇ ಕೂತೆ. ‘ಎಲ್ಲಿ ಕಡದೈತಿ ಅಂತ ಹೆಂಗ ಗೊತ್ತಾತ್ರಿ ಅಣ್ಣಾರ?’ ಅಂದೆ. ಸೂಟ್‌ಕೇಸಿನಂಥ ಒಂದು ಯಂತ್ರ ತೋರಿಸಿದರು. ಅದೇ ಓಟಿಡಿಆರ್. ಪುಸ್ತಕದಲ್ಲಿ ಅದರ ಬ್ಲಾಕ್ ಡಯಾಗ್ರಾಂ ಬರೆದು ನಾನು ಐದು ಅಂಕ ತೆಗೆದುಕೊಂಡಿದ್ದೆ, ಯಂತ್ರ ನೋಡಿದ್ದು ಅದೇ ಮೊದಲು. ಫೈಬರ್‌ನ ಒಂದು ತುದಿಯಿಂದ ಅದು ಬೆಳಕಿನ ಮಿಂಚು ಬಿಡುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ತುಂಡಾದ ಕಡೆ ಬಡಿದು ವಾಪಸ್ ಬರಲು 100 ಮೈಕ್ರೊಸೆಕೆಂಡ್ ಹಿಡಿದರೆ ತುಂಡಾದದ್ದು 10 ಕಿಲೊಮೀಟರ್ ಆಚೆ ಎಂದರ್ಥ. ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳುವ ನಮ್ಮ ಅಜ್ಜನ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಜೋಡಿಸುವುದು ಇನ್ನೂ ನಾಜೂಕು. ಕವಚ ಸುಲಿದು, ಕೂದಲೆಳೆಯಂಥ ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟರೆ ಒಂದು ವಿದ್ಯುತ್ ಕಿಡಿ ಅವನ್ನು ಕರಗಿಸಿ ಬೆಸೆಯುತ್ತದೆ. ಇಡೀ ಎಳೆಯ ದಪ್ಪ 125 ಮೈಕ್ರಾನ್. ಅದರೊಳಗೆ ಬೆಳಕು ಓಡುವ ಭಾಗ ಸುಮಾರು 9 ಮೈಕ್ರಾನ್. ಗಾಳಿಗೆ ಧೂಳು ಬಿದ್ದರೂ ಮತ್ತೆ ಮೊದಲಿನಿಂದ. ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ, ಹಸಿರಿಗೆ ಹಸಿರು. ‘ಬಣ್ಣ ತಪ್ಪಿದ್ರ ನಿಮ್ಮೂರಿನ್ಯಾಗಿಂದು ಇನ್ನೊಂದೂರಾಗ ಹತ್ತತೈತಿ ತಮ್ಮಾ’ ಅಂದು ನಕ್ಕರು. ಯಂತ್ರ ಬಿಚ್ಚಿದ ಮೇಲೆ ಕೆಲಸ ಮುಗಿಯಲು ಮೂರು ತಾಸು ಸಾಕಾಯಿತು. ಉಳಿದ ಸಮಯವೆಲ್ಲ ಅವರು ಬರುವುದಕ್ಕೇ ಹೋದದ್ದು. ನಮಗಿಂತ ಮೊದಲು ಬೇರೆ ಎರಡು ಕಡೆ ತುಂಡಾಗಿತ್ತಂತೆ, ಆ ಭಾಗಕ್ಕೆಲ್ಲ ಅವರದೊಂದೇ ಯಂತ್ರ.

ಇಲ್ಲಿಂದ ನನ್ನ ತಕರಾರು ಶುರುವಾಗುತ್ತದೆ. ಪ್ರತಿ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಮರದ ಕೊಂಬೆಯಂತೆ ಕೇಬಲ್ ಹೊರಟು ಹಳ್ಳಿಗಳಿಗೆ ಹೋಯಿತು. ಕೊಂಬೆ ಎಲ್ಲಿ ಮುರಿದರೂ ಅದರಾಚೆಯ ಎಲೆಗಳೆಲ್ಲ ಒಣಗಿದ ಹಾಗೆ. ಸರ್ಕಾರಕ್ಕೂ ಇದು ಅರಿವಾಗಿದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ₹1.39 ಲಕ್ಷ ಕೋಟಿಯ ತಿದ್ದುಪಡಿ ಯೋಜನೆಯಲ್ಲಿ ಹಳ್ಳಿಗಳನ್ನು ಉಂಗುರದಂತೆ ಜೋಡಿಸಬೇಕು ಎಂದಿದೆ, 10 ವರ್ಷದ ನಿರ್ವಹಣೆಯನ್ನೂ ಸೇರಿಸಿದೆ. ಉಂಗುರ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಒಳ್ಳೆಯದೇ. ಆದರೆ ನಕ್ಷೆಯ ಮೇಲೆ ಉಂಗುರ, ನೆಲದಲ್ಲಿ ಮಾತ್ರ ಹೋಗುವ ಕೇಬಲ್ಲೂ ಬರುವ ಕೇಬಲ್ಲೂ ಒಂದೇ ಅಗಳಿನಲ್ಲಿದ್ದರೆ ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕೀಳುತ್ತದೆ. ಒಂದು ದಾರಿ ಹೆದ್ದಾರಿಯ ಗುಂಟ ಹೋದರೆ ಇನ್ನೊಂದು ಬ್ಯಾಡಗಿಯ ರೈಲ್ವೆ ಲೈನ್ ಕಡೆಯಿಂದಲೋ ಕೆರೆಯಾಚೆಯ ರಸ್ತೆಯಿಂದಲೋ ಬರಬೇಕು. ಖರ್ಚು ಹೆಚ್ಚು, ನಿಜ.

ಒಂದೇ ತಂತಿಯ ಬಲಹೀನತೆ ನಮ್ಮೂರವರಿಗೆ ಹೊಸದಲ್ಲ. ಇದು ಮೈಲಾರ ಮಹದೇವಪ್ಪನವರ ಊರು. 1942ರ ಚಲೇಜಾವ್ ಚಳವಳಿಯಲ್ಲಿ ಈ ಸೀಮೆಯ ಹೋರಾಟಗಾರರು ಟೆಲಿಗ್ರಾಫ್ ತಂತಿ ಕತ್ತರಿಸುತ್ತಿದ್ದುದು ಬ್ರಿಟಿಷ್ ಆಡಳಿತಕ್ಕೆ ಕಣ್ಣು ಕಿವಿ ಇಲ್ಲದಂತೆ ಮಾಡಲಿಕ್ಕೆ. ದೂರದ ಟೊಂಗಾ ದೇಶವನ್ನೇ ನೋಡಿ. 2022ರ ಜನವರಿ 15ರಂದು ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿದು, ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ ತುಂಡಾಯಿತು. ಸರಿಯಾಗಲು ಐದು ವಾರ ಹಿಡಿಯಿತು.

ಇನ್ನು ಅಗೆಯುವವರು. 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂತು. ನೆಲ ಅಗೆಯುವ ಮುನ್ನ ಕೇಬಲ್, ಪೈಪ್ ಇರುವವರಿಗೆ ತಿಳಿಸುವುದು ಅದರ ಉದ್ದೇಶ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ತುಂಡಾಗುತ್ತದೆ, ₹3,000 ಕೋಟಿ ನಷ್ಟ ಎಂಬುದು ಸರ್ಕಾರದ್ದೇ ಅಂದಾಜು. ಆ ಲೆಕ್ಕದಲ್ಲಿ ಕೇಬಲ್ಲಿನ ನಷ್ಟವಿದೆ, ಅಕ್ಕನ ಅರ್ಜಿಯ ನಷ್ಟ ಇರಲಿಕ್ಕಿಲ್ಲ.

ಲೆಕ್ಕದ ಮಾತು ಬಂತು. 2024ರಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವಿದೆ. ಜಿಲ್ಲಾ ಮಟ್ಟದಲ್ಲಿ ನೆಟ್‌ವರ್ಕ್ 24 ಗಂಟೆ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಆದರೆ ಅಳತೆಗೋಲು ಜಿಲ್ಲೆ. ಹಾವೇರಿ ಜಿಲ್ಲೆ ಪೂರ್ತಿ ಮುಳುಗಿದರೆ ಸುದ್ದಿ. ಒಂದೆರಡು ಹಳ್ಳಿ ಎರಡು ದಿನ ಕತ್ತಲಲ್ಲಿದ್ದರೆ ಅದು ಈ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದೇ ಆನ್‌ಲೈನಿನಲ್ಲಿ. ರೇಷನ್, ಪಿಂಚಣಿ, ಪರೀಕ್ಷೆಯ ಹಾಲ್‌ಟಿಕೆಟ್ ಎಲ್ಲವನ್ನೂ ಅದೇ ದಾರಿಗೆ ತಂದವರು ಆ ದಾರಿ ಎಷ್ಟು ತಾಸು ಬಂದ್ ಇತ್ತೆಂದು ಗ್ರಾಮ ಪಂಚಾಯಿತಿವಾರು ಬರೆದು ಪ್ರಕಟಿಸಲಿ. ಯಾವಾಗ ಬರುತ್ತದೆ ಎಂದೂ ಹೇಳಲಿ. ‘ನಾಳೆ ಬೆಳಿಗ್ಗೆವರೆಗೆ ಇಲ್ಲ’ ಎಂದು ಮೊದಲ ದಿನವೇ ಒಂದು ಎಸ್‌ಎಂಎಸ್ ಬಂದಿದ್ದರೆ ಅಕ್ಕ ಅಂದೇ ರಾಣೆಬೆನ್ನೂರು ಬಸ್ ಹತ್ತುತ್ತಿದ್ದರು.

ಕರೆಂಟಿನ ಕಥೆ ಬೇರೆಯೇ ಇದೆ. ಸುತ್ತಲಿನ ಒಂದು ಹಳ್ಳಿಯಲ್ಲಿ ಫೈಬರ್ ಪೆಟ್ಟಿಗೆ ಇರುವ ಕೋಣೆಗೆ ಸಂಜೆ ಬೀಗ ಬೀಳುತ್ತದೆ. ಬೀಗ ಹಾಕುವವರು ಮೇನ್ ಸ್ವಿಚ್ಚನ್ನೂ ಆರಿಸಿ ಹೋಗುತ್ತಾರೆ. ಪಾಪ, ಅವರು ಬಿಲ್ ಉಳಿಸುತ್ತಿದ್ದಾರೆ.

ನಮ್ಮ ಕ್ಲಾಸಿನಲ್ಲಿ ಯಾರನ್ನು ಕೇಳಿದರೂ ಉತ್ತರ ಬೆಂಗಳೂರು, ಸಾಫ್ಟ್‌ವೇರ್. ನಾನೂ ರೆಸ್ಯುಮೆಯಲ್ಲಿ ಪೈಥಾನ್ ಬರೆದುಕೊಂಡಿದ್ದೇನೆ. ಆದರೆ ರಾತ್ರಿ ಹಗಲು ನೆಟ್‌ವರ್ಕ್ ಕಾಯುವ ಕೇಂದ್ರಗಳಿಗೆ, ರೌಟರ್ ಸಂರಚನೆಗೆ, ಫೈಬರ್ ಜೋಡಣೆಗೆ ಜನ ಬೇಕು ಎಂಬುದನ್ನು ಆ ಮೂರನೆಯ ದಿನ ಕಣ್ಣಾರೆ ಕಂಡೆ. ಐಟಿಐ, ಡಿಪ್ಲೊಮಾ ಗೆಳೆಯರೂ ಮಾಡಬಹುದಾದ ಕೆಲಸವಿದು. ತಾಲ್ಲೂಕಿಗೊಂದು ಸ್ಪ್ಲೈಸಿಂಗ್ ಯಂತ್ರ, ಅದನ್ನು ಬಲ್ಲ ಇಬ್ಬರು ಹುಡುಗರು ಇದ್ದರೆ ಎರಡು ದಿನದ ಕತ್ತಲೆ ಅರ್ಧ ದಿನಕ್ಕಿಳಿಯುತ್ತದೆ. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಈ ಯಂತ್ರ ಒಂದಿದ್ದರೆ ಕಲಿಯುವುದು ಒಂದು ವಾರದ ಮಾತು.

ಮೊನ್ನೆ ಊರಲ್ಲಿ ಮತ್ತೆ ಅಗೆತ ಶುರುವಾಗಿದೆ, ಈ ಸಲ ನೀರಿನ ಪೈಪಿಗೆ. ಡ್ರೈವರ್ ಹತ್ತಿರ ಹೋಗಿ ‘ಇಲ್ಲಿ ಕೇಬಲ್ ಐತ್ರಿ, ನೋಡಿ ಅಗೀರಿ’ ಅಂದೆ. ‘ಎಲ್ಲೈತಪಾ? ಒಂದು ಕಲ್ಲು ಇಲ್ಲ, ಗುರುತಿಲ್ಲ, ನಾ ಹೆಂಗ ನೋಡ್ಲಿ?’ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾವು ನಾಲ್ಕು ಜನ ಸೇರಿ ಕೇಬಲ್ ಹಾದಿಯ ಗುಂಟ ಗುರುತುಕಲ್ಲು ನೆಡಿಸಬೇಕೆಂದು ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಮೊದಲ ಸಹಿ ಅಕ್ಕನದು.