ಕೆಜಿ ಲೆಕ್ಕದ ಲೋಕಸಂಚಾರ

ಲಂಡನ್ನಿನಿಂದ ನೆಲದ ಹಾದಿಯಲ್ಲಿ ಏಷ್ಯಾ ದಾಟಿ 1972ರಲ್ಲಿ ಸಿಡ್ನಿ ಮುಟ್ಟಿದಾಗ ಟೋನಿ ಮತ್ತು ಮೌರೀನ್ ವೀಲರ್ ದಂಪತಿಯ ಕೈಯಲ್ಲಿ ಉಳಿದಿದ್ದದ್ದು 27 ಸೆಂಟು. ಮರುವರ್ಷ ಅವರು ಬರೆದ ಪುಟ್ಟ ಪುಸ್ತಕದಿಂದ ಪ್ರವಾಸ ಕೈಪಿಡಿಗಳ ಪ್ರಕಾಶನ ಲೋನ್ಲಿ ಪ್ಲಾನೆಟ್ ಹುಟ್ಟಿತು. ಬೆನ್ನಿಗೆ ಚೀಲ ಹಾಕಿಕೊಂಡು ವರ್ಷಗಟ್ಟಲೆ ದೇಶ ಸುತ್ತುವವರಿಗೆ ಈ 27 ಸೆಂಟು ಒಂದು ಸ್ಥಳಪುರಾಣವಿದ್ದಂತೆ. ಅದನ್ನು ಹೇಳುವಾಗ ಉಳಿದರ್ಧ ಬಿಟ್ಟುಹೋಗುತ್ತದೆ. ದಂಪತಿ ಸಿಡ್ನಿಯಲ್ಲೇ ಕೆಲಸ ಹಿಡಿದು ದುಡ್ಡು ಕೂಡಿಟ್ಟರು. ಬಿಳಿಯರಲ್ಲದವರನ್ನು ಹೊರಗಿಡುತ್ತಿದ್ದ ನೀತಿಯ ಕೊನೆಯ ಕುರುಹುಗಳನ್ನು ಆಸ್ಟ್ರೇಲಿಯಾ ಅಳಿಸಿದ್ದು 1973ರಲ್ಲಿ. ಅದೇ 27 ಸೆಂಟು ಹಿಡಿದು ಹಾಸನದ ದಂಪತಿಯೊಂದು ಸಿಡ್ನಿಯಲ್ಲಿ ಇಳಿದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಕಡಿಮೆ ಖರ್ಚಿನಲ್ಲಿ ಬಹುಕಾಲ ಪರದೇಶದಲ್ಲಿರುವವರನ್ನು ಕಂಡು ನಾವು ಅವರ ಧೈರ್ಯ, ಮಿತವ್ಯಯಗಳನ್ನು ಹೊಗಳುತ್ತೇವೆ. ಇವೆರಡೂ ನಮ್ಮಲ್ಲಿ ಯಾವತ್ತೂ ಕಮ್ಮಿಯಿರಲಿಲ್ಲ. ಕಮ್ಮಿಯಿದ್ದದ್ದು ಪಾಸ್‌ಪೋರ್ಟಿನ ಬೆಲೆ. ಇದನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ದುಡಿಯುತ್ತಲೇ ದೇಶ ಸುತ್ತುವವನು ಪ್ರವಾಸಿಯೋ, ಕೂಲಿಯವನೋ?

ಉತ್ತರ ಹುಡುಕಲು ಆಸ್ಟ್ರೇಲಿಯಾದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಯುವಕರು ರಜೆ ಕಳೆಯುತ್ತ ಕೆಲಸವನ್ನೂ ಮಾಡಬಹುದಾದ ವೀಸಾವನ್ನು ಆ ದೇಶ 1975ರಲ್ಲಿ ಶುರುಮಾಡಿತು. ಮೊದಲಿಗೆ ಅದು ಬ್ರಿಟನ್, ಐರ್ಲೆಂಡ್, ಕೆನಡಾಗಳವರಿಗಷ್ಟೇ ಇತ್ತು. ಕಾಫಿ ಹೋಟೆಲಿನಲ್ಲಿ ನಾಲ್ಕು ವಾರ ಲೋಟ ತೊಳೆದು, ಬಂದ ಹಣದಲ್ಲಿ ಮುಂದಿನ ಊರಿಗೆ ಬಸ್ಸು ಹತ್ತುವುದು. ಬೇಸರವಾದರೆ ಮಾಲೀಕನಿಗೆ ಹೇಳಿ ಹೊರಟುಬಿಡುವುದು. ಸಂಚಾರಿಯ ಸ್ವಾತಂತ್ರ್ಯವೆಲ್ಲ ಈ ‘ಹೊರಟುಬಿಡುವುದ’ರಲ್ಲೇ ಇದೆ ಎಂಬುದು ನನ್ನ ಎಣಿಕೆ. ಲೋಟ ತೊಳೆಯುವುದರಲ್ಲಿ ಅವಮಾನವಿಲ್ಲ. ಬಿಟ್ಟು ಹೋಗಲಾಗದ ಹಾಗೆ ತೊಳೆಯುವುದರಲ್ಲಿ ಇದೆ.

2005ರಲ್ಲಿ ಒಂದು ಷರತ್ತು ಸೇರಿತು. ಎರಡನೆಯ ವರ್ಷವೂ ಇರಬೇಕೆಂದರೆ ಹಳ್ಳಿಗಾಡಿನಲ್ಲಿ ಮೂರು ತಿಂಗಳು, ಅವರ ಲೆಕ್ಕದಲ್ಲಿ 88 ದಿನ, ದುಡಿಯಬೇಕು. ಹಣ್ಣು ಕೀಳುವುದೇ ಮುಖ್ಯ ಕೆಲಸ. ದುಡಿದದ್ದಕ್ಕೆ ಮಾಲೀಕನಿಂದ ದಾಖಲೆ ಬೇಕು. ಅರುವತ್ತನೆಯ ದಿನ ಮಾಲೀಕ ಕೂಲಿ ಮುರಿದುಕೊಂಡರೆ ಇಂಗ್ಲೆಂಡಿನ ಲೀಡ್ಸ್‌ನ ಹುಡುಗ ಏನು ಮಾಡುತ್ತಿದ್ದ? ಮಿಕ್ಕ ಇಪ್ಪತ್ತೆಂಟು ದಿನ ಎಣಿಸುತ್ತ ಹಲ್ಲು ಕಚ್ಚಿ ಕೂರುತ್ತಿದ್ದ. ಅಲ್ಲಿಗೆ ಅವನು ಪ್ರವಾಸಿಯಾಗಿ ಉಳಿಯಲಿಲ್ಲ. ಹಣ್ಣಿನ ತೂಕಕ್ಕೆ ತಕ್ಕ ಕೂಲಿ ಕೊಡುವ ಪದ್ಧತಿಯಲ್ಲಿ ಗಂಟೆಗೆ ಇಷ್ಟಾದರೂ ಸಿಗಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅಷ್ಟು ವರ್ಷ ‘ಅನುಭವ’ ಎಂಬ ಹೆಸರಿನಲ್ಲಿ ಅಗ್ಗದ ಕೂಲಿ ನಡೆದೇ ಇತ್ತು. ಷರತ್ತು ಬರುವುದಕ್ಕೂ ಮುಂಚೆ, 2000ದ ಜೂನ್‌ನಲ್ಲಿ, ಕ್ವೀನ್ಸ್‌ಲ್ಯಾಂಡಿನ ಚಿಲ್ಡರ್ಸ್ ಊರಿನಲ್ಲಿ ಹಣ್ಣು ಕೀಳುವವರು ತಂಗಿದ್ದ ಹಾಸ್ಟೆಲಿಗೆ ಒಬ್ಬ ಬೆಂಕಿ ಹಚ್ಚಿದ. ಹೊಗೆ ಬಂದರೆ ಬಡಿಯಬೇಕಾದ ಗಂಟೆ ಕೆಟ್ಟಿತ್ತು. ಹದಿನೈದು ಮಂದಿ ಸತ್ತರು. ಎಲ್ಲರೂ ದೇಶ ನೋಡಲು ಹೊರಟವರು.

ಆ ಹಾಸ್ಟೆಲಿನ ವಿಷಯ ಓದುವಾಗ ನನ್ನ ಕಣ್ಣಿಗೆ ಕಟ್ಟುವುದು ಕೊಡಗಿನ ತೋಟಗಳಲ್ಲಿ ಕೂಲಿಗಳು ತಂಗುವ ಲೈನ್ ಮನೆಗಳು. ಈಗ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಅಲ್ಲಿ ಸಾಲಾಗಿ ಮಲಗುತ್ತಾರೆ. ಅವರ ಕೂಲಿಯೂ ಎಷ್ಟೋ ಕಡೆ ಕೆಜಿ ಲೆಕ್ಕವೇ. ಹೊಸ ಮಾತು, ಹೊಸ ಊಟ, ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ. ಬೆನ್ನುಚೀಲದ ಹುಡುಗ ಬಯಸಿದ್ದೆಲ್ಲ ಇವರಿಗೆ ಸಿಕ್ಕಿದೆ. ಆದರೂ ಇವರನ್ನು ಲೋಕಸಂಚಾರಿಗಳೆಂದು ಯಾರೂ ಕರೆಯುವುದಿಲ್ಲ. ಲೀಡ್ಸ್‌ನವನಿಗೆ ಎರಡನೆಯ ವರ್ಷದ ಆಸೆ ಬಿಟ್ಟರೆ ಮರಳಿ ಹೋಗಲು ಒಂದು ಮನೆಯಿತ್ತು, ಕಾಯುವ ಕಾಲೇಜಿತ್ತು. ಇವರು ಹಿಂತಿರುಗಿದರೆ ಮನೆಯ ಒಲೆಯೇ ಉರಿಯದು. ಕೀಳುವ ಕೈ ನೋಯುವುದು ಮಾತ್ರ ಎರಡೂ ಕಡೆ ಒಂದೇ ಥರ.

ಹಾಗಾದರೆ ನಮ್ಮ ಹುಡುಗರು ಆಸ್ಟ್ರೇಲಿಯಾಕ್ಕೆ ಹೋಗುವುದೇ ಬೇಡವೇ? ಹೋಗಲಿ. ಸಂಬಳದ ಚೀಟಿ ಹಿಡಿದು ನೋಡಿದ ದೇಶ, ಕ್ಯಾಮೆರಾ ಹಿಡಿದು ನೋಡಿದ ದೇಶಕ್ಕಿಂತ ಹೆಚ್ಚು ನಿಜ. ಬಾಗಿಲೂ ತುಸು ತೆರೆದಿದೆ: 2024ರಿಂದ ಭಾರತದ 18ರಿಂದ 30 ವಯಸ್ಸಿನವರಿಗೆ ವರ್ಷಕ್ಕೆ ಇಂಥ 1,000 ವೀಸಾ. 25 ಡಾಲರ್ ಕಟ್ಟಿ ಚೀಟಿ ಎತ್ತುವುದಕ್ಕೆ ಹೆಸರು ಕೊಡಬೇಕು. ಅದೇ ವರ್ಷದ ಜುಲೈನಿಂದ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ತೋಟದ 88 ದಿನಗಳ ಷರತ್ತೇ ಇಲ್ಲ, ವಯಸ್ಸಿನ ಮಿತಿ ಅದಕ್ಕೂ ಮುಂಚೆಯೇ 35ಕ್ಕೆ ಏರಿತ್ತು. ನಮ್ಮವರಿಗೆ ಷರತ್ತು ಹಾಗೇ ಇದೆ. ಸಾಲದ್ದಕ್ಕೆ ಪಿಯುಸಿ ಆದಮೇಲೆ ಎರಡು ವರ್ಷವಾದರೂ ಓದಿರಬೇಕು. ಸ್ಟ್ರಾಬೆರಿ ಕೀಳಲು ಇಷ್ಟು ಓದು ಯಾಕೆಂದು ಕೇಳುವ ಹಾಗಿಲ್ಲ.

ಚೀಟಿಯಲ್ಲಿ ಸೋಮವಾರಪೇಟೆ ಕಡೆಯ ತೋಟದ ಮನೆಯ ಹುಡುಗನ ಹೆಸರು ಬಂತೆಂದುಕೊಳ್ಳಿ. ಊರಲ್ಲಿ ಅವನು ಗಿಡಕ್ಕೆ ಕೈಹಾಕಿದವನಲ್ಲ, ಸಂಜೆ ತೂಕದ ಪಕ್ಕ ನಿಂತು ಲೆಕ್ಕ ಬರೆದವನು. ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್‌ನ ಹಣ್ಣಿನ ಸಾಲುಗಳಲ್ಲಿ ನಾಲ್ಕು ದಿನ ಬಗ್ಗಿ, ಐದನೆಯ ರಾತ್ರಿ ಮನೆಗೆ ಫೋನ್ ಮಾಡುತ್ತಾನೆ. ಊಟ, ಹವೆ ಎಲ್ಲ ವಿಚಾರಿಸಿಯಾದ ಮೇಲೆ ಅಪ್ಪನನ್ನು ಕೇಳುತ್ತಾನೆ: ‘ಈ ಸಲ ಕೆಜಿಗೆ ಎಷ್ಟು ಕೊಡ್ತಿದ್ದೀರಿ?’